ಬಾಕಿ ಕಾಲಂ

ಮೊನ್ನೆ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಮರಿಯಮ್ಮನ ಹಬ್ಬಕ್ಕೆ ಹೋಗಿ ಬಂದೆ. ಲಕ್ವ ಹೊಡೆದು ಅಲ್ಲಿಗೆ ಒಂದು ವರ್ಷ, ಹತ್ತು ದಿನ. ಇದನ್ನು ಬಲಗೈಯಲ್ಲೇ ಬರೆದು ಮಗಳ ಕೈಲಿ ಟೈಪ್ ಮಾಡಿಸುತ್ತಿದ್ದೇನೆ. ಅಕ್ಷರ ಕೋಳಿ ಕಾಲು ಅಂತ ನಗುತ್ತಾಳೆ. ನಗಲಿ.

ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯುವವನು. ಎಷ್ಟು ಚೀಲ ಹೋಯಿತು, ಯಾರ ಉದ್ರಿ ಎಷ್ಟು, ಶನಿವಾರದ ಬಟವಾಡೆ ಎಷ್ಟು, 22 ವರ್ಷದಿಂದ ಇದೇ. ಹಾಸಿಗೆ ಹಿಡಿದರೂ ಚಾಳಿ ಬಿಡಲಿಲ್ಲ. ಎಡಗೈಯಲ್ಲಿ ನೋಟ್‌ಬುಕ್ಕಿಗೆ ಸೊಟ್ಟ ಗೆರೆ ಎಳೆದೆ: ಹೆಸರು, ಮಾಡಿದ್ದು, ಬಾಕಿ. ಪಕ್ಕದ ಮನೆ ಅಜ್ಜಿ, ತಿಂಗಳುಗಟ್ಟಲೆ ಗಂಜಿ. ಭಟ್ಟಿ ಹುಡುಗರು, ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು. ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತಿದ್ದ ಆಟೋದವರು. ದುಡ್ಡು ಕೇಳಿದರೆ "ಬಿಡ್ರೀ ಅಣ್ಣ, ಆಮೇಲೆ ನೋಡಾಣ" ಅನ್ನೋರು. ಎಲ್ಲರ ಹೆಸರಿನ ಮುಂದೆ ಅಂದಾಜು ಮೊತ್ತ ಬರೆದೆ.

ಅಣ್ಣನ ಸಾಲಿಗೆ ಬಂದಾಗ ಪೆನ್ನು ನಿಂತಿತು.

ಒಂಬತ್ತು ವರ್ಷ ನಮ್ಮಿಬ್ಬರಿಗೆ ಮಾತಿರಲಿಲ್ಲ. ಅಪ್ಪನ ಸೈಟು ಪಾಲಾದಾಗ ಅವನಿಗೆ ಕಡಿಮೆ ಬರೋ ಹಾಗೆ ಲೆಕ್ಕ ಬರೆದವನು ನಾನೇ. ಅವನಿಗದು ಗೊತ್ತಿತ್ತು. ಆದರೂ ಮೊದಲ ರಾತ್ರಿ ಆಸ್ಪತ್ರೆಗೆ ಬಂದವನು ಅವನೇ. ನನ್ನ ಬಾಯಿಯ ಬಲಗಡೆಯಿಂದ ಜೊಲ್ಲು ಇಳಿಯುತ್ತಿತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ಒದ್ದೆ ಮಾಡಿ ಒರೆಸುವನು, ಹಿಂಡುವನು, ಮತ್ತೆ ಒರೆಸುವನು. ನಾನು ತೊದಲುತ್ತಾ ಸೈಟಿನ ಮಾತು ತೆಗೆದರೆ, "ಸುಮ್ನೆ ಮಲಕ್ಕಳಲೇ" ಅಂದ. ಅಷ್ಟೇ.

ಬೈಬಲಿನ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮತಿ, ಅಂದರೆ ದೃಷ್ಟಾಂತದ ಕತೆ, ನನಗೆ ಎಂದೂ ಹಿಡಿಸಿರಲಿಲ್ಲ. ಬೆಳಿಗ್ಗೆಯಿಂದ ದ್ರಾಕ್ಷಿತೋಟದಲ್ಲಿ ಬಿಸಿಲಿಗೆ ಬೆಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ! ಹಾಗೆ ಬಟವಾಡೆ ಮಾಡಿದರೆ ನಮ್ಮ ಭಟ್ಟಿ ಸೋಮವಾರ ಬಾಗಿಲು ತೆರೆಯೋದಿಲ್ಲ ಅಂತ ಫಾದರ್ ಹತ್ತಿರವೇ ವಾದ ಮಾಡಿದ್ದೆ. ನಾನು ಬೆಳಿಗ್ಗೆ ಬಂದವನು ಅಂತಲೇ ತಿಳಿದಿದ್ದೆ, ನೋಡಿ.

ಮನೆಗೆ ಪರಮಪ್ರಸಾದ ತಂದಿದ್ದ ಫಾದರ್ ಆ ನೋಟ್‌ಬುಕ್ ಕಂಡರು. "ಮಾತೆ ಮರಿಯಮ್ಮನ್ನ ವರಪ್ರಸಾದ ಪೂರ್ಣೆ ಅಂತ ದಿನಾ ಕರೀತೀರಿ. ಪ್ರಸಾದಕ್ಕೆ ಯಾರಾದ್ರೂ ಬಿಲ್ ಹಾಕ್ತಾರೇನ್ರೀ?" ನನಗೆ ಉತ್ತರ ಬರಲಿಲ್ಲ. ಜಪಸರ ಹಿಡಿದರೂ ಐದು ಹತ್ತು ಐವತ್ತು ಅಂತ ಎಣಿಸುತ್ತಿದ್ದವನು. ಕಾಯಿಲೆಯ ಮೊದಲ ವಾರಗಳಲ್ಲಿ ಎಣಿಕೆ ತಪ್ಪಿ, ಎಷ್ಟನೇ ಮಣಿ ಅಂತ ತಿಳಿಯದೆ ಅಳುತ್ತಿದ್ದೆ. ಅಳುತ್ತಲೇ ನಿದ್ದೆ ಬರುತ್ತಿತ್ತು. ಅದೇ ಒಳ್ಳೆಯ ನಿದ್ದೆ.

ಹುಷಾರಾದರೆ ಹರಿಹರಕ್ಕೆ ನಡೆದೇ ಬರುತ್ತೇನೆ ಅಂತ ಹರಕೆ ಹೊತ್ತಿದ್ದೆ. ಅದೂ ವ್ಯಾಪಾರವೇ. ಕಾಲು ಇನ್ನೂ ಎಳೆಯುತ್ತದೆ, ನಡೆಯಲು ಆಗಲಿಲ್ಲ. ಅಣ್ಣನ ಬೈಕಿನ ಹಿಂದೆ ಕೂತು ಹೋದೆ. ಅಮ್ಮನ ಮುಂದೆ ನಿಂತಾಗ ಹೇಳಿಕೊಳ್ಳಲು ಒಂದೂ ಸಾಧನೆ ಇರಲಿಲ್ಲ. ಸುಮ್ಮನೆ ನಿಂತೆ. ನಾಚಿಕೆಯಾಗಲಿಲ್ಲ, ಅದೇ ಆಶ್ಚರ್ಯ.

ಅಜ್ಜಿಗೆ, ಭಟ್ಟಿಯ ಹುಡುಗರಿಗೆ, ಆಟೋ ಅಣ್ಣನಿಗೆ, ರಾತ್ರಿ ಪಾಳಿಯ ನರ್ಸಮ್ಮಂದಿರಿಗೆ, ವಾರವಾರ ಪ್ರಾರ್ಥನೆಗೆ ಬಂದ ಸಭೆಯವರಿಗೆ, ಅಣ್ಣನಿಗೆ ಕೈ ಮುಗಿಯುತ್ತೇನೆ. ಬರೋ ಭಾನುವಾರ ಪೂಜೆ ಮುಗಿಸಿ ಎಲ್ಲರೂ ಮನೆಗೆ ಬನ್ನಿ. ಮಂಡಕ್ಕಿ ನಮ್ಮ ಭಟ್ಟಿಯದು, ಮೆಣಸಿನಕಾಯಿ ಬಜ್ಜಿ ಅತ್ತಿಗೆಯದು. ಹಣ್ಣುಗಿಣ್ಣು ತರಬೇಡಿ, ಕೈ ಬೀಸಿಕೊಂಡು ಬನ್ನಿ.