ಬಣ್ಣದ ಮಡಕೆಗಳ ಊರಿನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನಗೆ ಅಂತ ಕೊಂಡ ನೀಲಿ ಬಟ್ಟೆಯ ಫೋಟೋ ಕಳಿಸಿದ್ದೆನಲ್ಲ, ಅದನ್ನು ನೋಡಿ "ಇದು ಅಚ್ಚು ಹಾಕಿದ್ದೋ, ಕೈಯಲ್ಲಿ ಬರೆದದ್ದೋ?" ಅಂತ ಕೇಳಿದ್ದೀಯ. ಕೈಯಲ್ಲಿ ಬರೆದದ್ದು ಮಾರಾಯ, ಅದೂ ಕೋಳಿ ಪುಕ್ಕದಲ್ಲಿ. ವಾಟ್ಸಾಪಿನಲ್ಲಿ ಎರಡು ಸಾಲಿಗೆ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಪತ್ರ ಬರೆಯೋಕೆ ಕೂತಿದ್ದೇನೆ. ಪೂರ್ತಿ ಓದು, ಅರ್ಧಕ್ಕೆ ಬಿಟ್ಟು ಆಮೇಲೆ ಫೋನಿನಲ್ಲಿ ಮತ್ತೆ ಅದನ್ನೇ ಕೇಳಬೇಡ.

ಊರಿನ ಹೆಸರು ಓಶೊಗ್ಬೊ. ನೈಜೀರಿಯಾದ ನೈರುತ್ಯ ಮೂಲೆ, ಯೊರುಬಾ ಜನರ ಸೀಮೆ. 1991ರಲ್ಲಿ ಓಶುನ್ ರಾಜ್ಯ ಆದಾಗಿನಿಂದ ಅದರ ರಾಜಧಾನಿ. ಲಾಗೋಸ್‌ನಿಂದ ಇಬಾದಾನ್‌ವರೆಗೆ 2021ರಲ್ಲಿ ಶುರುವಾದ ಹೊಸ ರೈಲು ಇದೆ, ಆರಾಮಾಗಿ ಹೋಗಬಹುದು. ಅಲ್ಲಿಂದ ಮುಂದೆ ರಸ್ತೆ. ರಸ್ತೆಯ ಬಗ್ಗೆ ಏನೂ ಕೇಳಬೇಡ. ಇತಿಹಾಸದಲ್ಲೂ ಈ ಊರಿಗೆ ಜಾಗ ಇದೆ. 1840ರ ಸುಮಾರಿಗೆ ಉತ್ತರದ ಇಲೊರಿನ್ ಕಡೆಯಿಂದ ನುಗ್ಗಿಬಂದ ಫುಲಾನಿ ಜನರ ಕುದುರೆ ಸೈನ್ಯವನ್ನು ಇಬಾದಾನ್‌ನ ಯೊರುಬಾ ಸೈನಿಕರು ಹಿಮ್ಮೆಟ್ಟಿಸಿದ್ದು ಇಲ್ಲೇ. ಆ ಯುದ್ಧ ಸೋತಿದ್ದರೆ ಯೊರುಬಾ ನಾಡಿನ ಕಥೆಯೇ ಬೇರೆ ಆಗುತ್ತಿತ್ತು.

ಆದರೆ ನನಗೆ ಹಿಡಿಸಿದ್ದು ಯುದ್ಧದ ಕಥೆ ಅಲ್ಲ, ಊರು ಹುಟ್ಟಿದ ಕಥೆ. ಇಪೊಲೆ ಅನ್ನುವ ಕಡೆ ನೀರಿಗೆ ಬರ ಬಂತಂತೆ. ಲಾರೊಯೆ ಅನ್ನುವ ದೊರೆ, ತಿಮೆಹಿನ್ ಅನ್ನುವ ಬೇಟೆಗಾರ, ಇಬ್ಬರೂ ಜನರನ್ನು ಕಟ್ಟಿಕೊಂಡು ಹೊರಟು ಓಶುನ್ ನದಿಯ ದಡಕ್ಕೆ ಬಂದರು. ಜಾಗ ಮಾಡಿಕೊಳ್ಳಲು ಮರ ಕಡಿದರು. ಮರ ಹೋಗಿ ನದಿಗೆ ಬಿತ್ತು. ಆಗ ನೀರೊಳಗಿಂದ ಒಂದು ಹೆಣ್ಣು ದನಿ ಬೈಯಿತು: "ಕಾಡಿನ ಮಾಂತ್ರಿಕರೇ, ನನ್ನ ಬಣ್ಣದ ಮಡಕೆಗಳನ್ನೆಲ್ಲ ಒಡೆದುಹಾಕಿದಿರಲ್ಲ!"

ಹಾಗೆ ಬೈದವಳು ಓಶುನ್, ನದಿಯ ದೇವಿ. ನೋಡು, ಅವಳು ಸಿಂಹಾಸನದ ಮೇಲೆ ಕೂತಿರಲಿಲ್ಲ. ಬಟ್ಟೆಗೆ ಬಣ್ಣ ಕಟ್ಟುತ್ತಿದ್ದಳು. ಕೆಲಸದ ಪಾತ್ರೆ ಒಡೆದರೆ ದುಡಿಯುವ ಹೆಂಗಸಿಗೆ ಬರುತ್ತದಲ್ಲ, ಆ ಸಿಟ್ಟು ಅವಳದ್ದು. ಆಮೇಲೆ ಒಪ್ಪಂದ ಆಯಿತು. ಜನ ದಡ ಬಿಟ್ಟು ಮೇಲಕ್ಕೆ ಹೋಗಿ ಊರು ಕಟ್ಟಬೇಕು, ದೇವಿ ಕಾಯುತ್ತಾಳೆ, ವರ್ಷಕ್ಕೊಮ್ಮೆ ಅವಳಿಗೆ ಕಾಣಿಕೆ ಸಲ್ಲಬೇಕು. ನದಿ ದಡದ ಆ ಕಾಡು ದೇವರಕಾಡಾಗಿ ಉಳಿಯಿತು. ಇವತ್ತಿಗೂ ಈ ಊರನ್ನು ಹೊಗಳುವಾಗ ನೀಲಿ ಬಣ್ಣದ ಊರು ಅಂತಲೇ ಹೊಗಳುತ್ತಾರೆ.

ಈಗ ನಿನ್ನ ಬಟ್ಟೆಗೆ ಬರುತ್ತೇನೆ. ಇದಕ್ಕೆ ಇಲ್ಲಿ ಆದಿರೆ ಅನ್ನುತ್ತಾರೆ. ಬಟ್ಟೆಯನ್ನು ನಾರಿನಿಂದ ಅಲ್ಲಲ್ಲಿ ಗಂಟು ಕಟ್ಟಿ ಬಣ್ಣಕ್ಕೆ ಹಾಕುವುದು ಒಂದು ಬಗೆ. ಗಂಜಿಯಲ್ಲಿ ಚಿತ್ರ ಬರೆದು ಹಾಕುವುದು ಇನ್ನೊಂದು ಬಗೆ. ನಿನ್ನದು ಗಂಜಿಯದ್ದು. ಬರೆಯುವವರೂ ಬಣ್ಣ ಹಾಕುವವರೂ ಹೆಂಗಸರೇ. ಅಬೆಯೊಕುಟಾ ಊರಿನ ಕಡೆ ಗಂಡಸರು ತಗಡು ಕತ್ತರಿಸಿ, ಅದನ್ನು ಬಟ್ಟೆ ಮೇಲಿಟ್ಟು ಗಂಜಿ ಬಳಿಯುವುದೂ ಉಂಟು.

ನಾನು ನೋಡಿದ್ದು ಒಂದು ಮನೆಯ ಅಂಗಳದಲ್ಲಿ. ವಯಸ್ಸಾದ ಹೆಂಗಸು ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲರೂ ಕರೆಯುವಂತೆ ನಾನೂ "ಮಾಮಾ" ಅಂದೆ. ನಗಬೇಡ, ಇಲ್ಲಿ ಅದು ಅಮ್ಮ. ಮುಂದೆ ಹಲಗೆ, ಹಲಗೆ ಮೇಲೆ ಬಿಳಿ ಬಟ್ಟೆ. ಪಕ್ಕದ ಬಟ್ಟಲಲ್ಲಿ ಮರಗೆಣಸಿನ ಹಿಟ್ಟಿನ ಗಂಜಿ. ಅದಕ್ಕೆ ಪಟಿಕ, ಮೈಲುತುತ್ತ ಸ್ವಲ್ಪ ಸೇರಿಸುತ್ತಾರೆ. ಮೊದಲು ಬಟ್ಟೆ ಮಡಚಿ ಮಡಿಕೆಯ ಗುರುತಿನಲ್ಲೇ ಚೌಕಗಳನ್ನು ಮಾಡಿಕೊಂಡರು. ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ. ಕೋಳಿ ಪುಕ್ಕವನ್ನು ಗಂಜಿಗೆ ಅದ್ದಿ ಒಂದು ಗೆರೆ, ಅದರ ಪಕ್ಕ ಇನ್ನೊಂದು. ಒಂದು ಚೌಕದಲ್ಲಿ ಹಕ್ಕಿ, ಮತ್ತೊಂದರಲ್ಲಿ ಎಲೆ, ಮುಂದಿನದರಲ್ಲಿ ಬರೀ ಚುಕ್ಕಿ. ಮೊಮ್ಮಗಳ ಜೊತೆ ಏನೋ ಜಗಳ ಆಡುತ್ತಲೇ ಇದ್ದರು, ಕೈ ಮಾತ್ರ ಎಲ್ಲೂ ಅಲುಗಲಿಲ್ಲ.

ಹಳೇ ವಿನ್ಯಾಸಗಳಿಗೆ ಒಂದೊಂದು ಹೆಸರಿದೆ. ನಿನ್ನ ಬಟ್ಟೆಯದ್ದು "ಇಬಾದಾನ್ ಚಂದ" ಅನ್ನುವ ಅರ್ಥದ್ದು. ಅದರಲ್ಲಿ ಸಾಲಾಗಿ ಕಂಬ ಇದೆಯಲ್ಲ, ಅದು ಇಬಾದಾನ್ ಊರಿನ ಮಾಪೊ ಹಾಲ್ ಅನ್ನುವ ಬ್ರಿಟಿಷ್ ಕಾಲದ ಕಟ್ಟಡದ ಕಂಬ. ಕಂಬಗಳ ನಡುನಡುವೆ ಇರುವುದು ಚಮಚ! ಸರ್ಕಾರಿ ಕಟ್ಟಡದ ಕಂಬದ ಪಕ್ಕ ಅಡುಗೆಮನೆ ಚಮಚ ಇಟ್ಟವರು ಯಾರೋ ಗೊತ್ತಿಲ್ಲ, ಅವರ ಧೈರ್ಯ ನನಗೆ ಇಷ್ಟವಾಯಿತು.

ಬಣ್ಣದ ಕೆಲಸ ಹಿತ್ತಲಿನಲ್ಲಿ. ಎಲು ಅನ್ನುವ ಬಳ್ಳಿಯ ಎಳೆ ಎಲೆ ಕುಟ್ಟಿ, ಉಂಡೆ ಕಟ್ಟಿ ಒಣಗಿಸಿರುತ್ತಾರೆ. ತಳದಲ್ಲಿ ತೂತಿರುವ ಮಡಕೆಗೆ ಬೂದಿ ತುಂಬಿ ನೀರು ಹೊಯ್ಯುತ್ತಾರೆ. ಕೆಳಗಿನ ಮಡಕೆಗೆ ಬೂದಿ ನೀರು ತೊಟ್ಟಿಕ್ಕುತ್ತದೆ. ಆ ನೀರಿನಲ್ಲಿ ಎಲೆಯುಂಡೆ ದಿನಗಟ್ಟಲೆ ನೆನೆದು ಹುಳಿಯಬೇಕು. ಹುಳಿತ ಮೇಲಿನ ನಾತ ಇದೆಯಲ್ಲ, ಅಂಗಳ ದಾಟಿ ಬೀದಿವರೆಗೂ ಬರುತ್ತದೆ. ಬಟ್ಟೆಯನ್ನು ಗಂಜಿ ಕರಗದ ಹಾಗೆ ಮೆಲ್ಲಗೆ ಇಳಿಸುತ್ತಾರೆ. ಎತ್ತಿದಾಗ ನೋಡಬೇಕು! ನೀಲಿ ಇಲ್ಲ. ಹಳದಿ ಕಲೆತ ಹಸಿರು. ಹಗ್ಗದ ಮೇಲೆ ಹಾಕಿ ನೋಡುತ್ತಿದ್ದಂತೆ ಅಂಚಿನಿಂದ ನೀಲಿ ತಿರುಗುತ್ತಾ ಬಂತು. ಮಡಕೆಯೊಳಗೆ ಬಣ್ಣ ನೀರಿನಲ್ಲಿ ಕರಗಿಕೊಂಡಿರುತ್ತದೆ. ಹೊರಗಿನ ಗಾಳಿಯ ಆಮ್ಲಜನಕ ಸೇರಿದ ಮೇಲೇ ಅದು ನೀಲಿಯಾಗಿ ನೂಲಿನಲ್ಲಿ ಗಟ್ಟಿಯಾಗಿ ಕೂರುವುದು. ಆಮೇಲೆ ಮತ್ತೆ ಅದ್ದು, ಮತ್ತೆ ಒಣಗಿಸು. ಕಪ್ಪಿಗೆ ಹತ್ತಿರ ಬರುವವರೆಗೆ ಹೀಗೇ. ಕೊನೆಗೆ ಗಂಜಿ ಕೆರೆದು ತೆಗೆದರೆ ಅದರಡಿಯ ಗೆರೆಗಳು ತಿಳಿ ನೀಲಿಯಾಗಿ ಎದ್ದು ಕಾಣುತ್ತವೆ. ಅಪ್ಪಟ ಬಿಳಿ ಇರುವುದಿಲ್ಲ, ಯಾಕಂದರೆ ಗಂಜಿಯೊಳಗೂ ಒಂಚೂರು ಬಣ್ಣ ಇಳಿದಿರುತ್ತದೆ. ನಿನ್ನ ಬಟ್ಟೆ "ಮಾಸಿದೆ" ಅಂದೆಯಲ್ಲ, ಅದು ಮಾಸಿದ್ದಲ್ಲ, ಗಂಜಿ ಕೆಲಸದ ಗುರುತು.

ಸಂತೆಯಲ್ಲಿ ಎಲ್ಲವೂ ಹೀಗೇ ಸಿಗುತ್ತದೆ ಅಂದುಕೊಳ್ಳಬೇಡ. ಹೆಚ್ಚಿನವರು ಈಗ ಗಂಜಿ ಬಿಟ್ಟು ಮೇಣ ಬಳಸುತ್ತಾರೆ, ಎಲೆ ಬಿಟ್ಟು ಕಾಸ್ಟಿಕ್ ಸೋಡಾ ಮತ್ತು ಪುಡಿ ಬಣ್ಣ ಬಳಸುತ್ತಾರೆ. ಬೇಗ ಆಗುತ್ತದೆ, ಹತ್ತಾರು ಬಣ್ಣ ಬರುತ್ತದೆ. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ, ಅದೂ ಕೈಕೆಲಸವೇ. ನನಗೆ ಸಿಟ್ಟು ಬಂದದ್ದು ಚೀನಾದಿಂದ ಬರುವ ಮಿಲ್ ಬಟ್ಟೆ ನೋಡಿ. ಇದೇ ಹಕ್ಕಿ, ಇದೇ ಚೌಕ, ಮಷೀನಿನಲ್ಲಿ ಒತ್ತಿ ಅರ್ಧ ಬೆಲೆಗೆ ಮಾರುತ್ತಾರೆ. ತಿರುವಿ ಹಾಕಿ ನೋಡಿದರೆ ಹಿಂದುಗಡೆ ಬಣ್ಣ ಪೇಲವ. ಅಷ್ಟು ನೋಡುವ ತಾಳ್ಮೆ ಎಷ್ಟು ಜನಕ್ಕಿದೆ ಹೇಳು.

ಈ ಕೆಲಸ ಇನ್ನೂ ಉಳಿದಿರುವುದಕ್ಕೆ ನಿಕೆ ಡೇವಿಸ್-ಒಕುಂಡಾಯೆ ಅವರ ಪಾಲು ದೊಡ್ಡದು. 1951ರಲ್ಲಿ ಹುಟ್ಟಿದವರು. ಶಾಲೆ ಓದಿದ್ದು ಕಡಿಮೆ, ಬಟ್ಟೆ ಕೆಲಸ ಮನೆಯವರಿಂದ ಬಂದದ್ದು. 1983ರಲ್ಲಿ ಓಶೊಗ್ಬೊದಲ್ಲಿ ಕೇಂದ್ರ ತೆರೆದು ಹುಡುಗ ಹುಡುಗಿಯರಿಗೆ ಪುಕ್ಕಟೆ ಕಲಿಸಲು ಶುರು ಮಾಡಿದರು. ಲಾಗೋಸ್‌ನಲ್ಲಿ ಅವರ ದೊಡ್ಡ ಗ್ಯಾಲರಿ ಇದೆ, ನೀನು ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಇನ್ನು ದೇವರಕಾಡು. ಊರಂಚಿನಲ್ಲಿ 75 ಹೆಕ್ಟೇರ್. ದಕ್ಷಿಣ ನೈಜೀರಿಯಾದಲ್ಲಿ ಇಂಥ ಹಳೇ ಕಾಡು ಉಳಿದಿರುವುದೇ ಅಪರೂಪ. 2005ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಒಳಗೆ ಕಾಲಿಟ್ಟರೆ ತಂಪು, ಮೋನಾ ಕೋತಿಗಳು ಹಿಂದೆ ಹಿಂದೆ ಬರುತ್ತವೆ, ಬಾಳೆಹಣ್ಣು ಕೈಯಲ್ಲಿದ್ದರೆ ಮುಗಿಯಿತು. ಬೇಟೆ ಇಲ್ಲ, ಮೀನು ಹಿಡಿಯುವಂತಿಲ್ಲ, ಮರ ಕಡಿಯುವಂತಿಲ್ಲ. ಆದರೆ 1950ರ ದಶಕದಲ್ಲಿ ಈ ಕಟ್ಟುಪಾಡೆಲ್ಲ ಸಡಿಲ ಆಗಿತ್ತು. ಮರಗಳು ಉರುಳುತ್ತಿದ್ದವು, ಗುಡಿಗಳು ಪಾಳು ಬಿದ್ದಿದ್ದವು.

ಆಗ ಬಂದವರು ಸುಸಾನ್ ವೆಂಗರ್, ಆಸ್ಟ್ರಿಯಾದ ಚಿತ್ರಕಲಾವಿದೆ. 1950ರಲ್ಲಿ ಗಂಡ ಉಲ್ಲಿ ಬೈಯರ್ ಜೊತೆ ನೈಜೀರಿಯಾಕ್ಕೆ ಬಂದರು, ಕ್ಷಯ ಹಿಡಿದು ಸಾವಿನ ಹತ್ತಿರ ಹೋಗಿಬಂದರು, ಒಬ್ಬ ಯೊರುಬಾ ಪೂಜಾರಿಯಿಂದ ದೀಕ್ಷೆ ಪಡೆದರು. ಊರವರು ಆದುನ್ನಿ ಅಂತ ಕರೆದರು. 2009ರಲ್ಲಿ, 93ನೇ ವಯಸ್ಸಿನಲ್ಲಿ, ಇದೇ ಊರಿನಲ್ಲಿ ತೀರಿಕೊಂಡರು. ಮರ ಕಡಿಯುವವರಿಗೆ ಅಡ್ಡ ನಿಂತು ಕಾಡು ಉಳಿಸಿದರು ಅನ್ನುವುದು ನಿಜ. ಆದರೆ ಪ್ರವಾಸಿಗರಿಗೆ ಹೇಳುವ ಕಥೆಯಲ್ಲಿ ಎಲ್ಲವನ್ನೂ ಅವರೊಬ್ಬರೇ ಮಾಡಿದ ಹಾಗೆ ಇರುತ್ತದೆ. ಅದು ನನಗೆ ಸರಿ ಕಾಣಲಿಲ್ಲ.

ಯಾಕಂದರೆ ಆಗ ಕಾಡಿಗೆ ಎದ್ದ ಬೇಲಿಗೋಡೆ, ಒಳಗಿನ ಬೃಹತ್ ಮೂರ್ತಿಗಳನ್ನು ಕಟ್ಟಿದ ಕೈಗಳು ಬೇರೆ ಇವೆ. ಆದೆಬಿಸಿ ಅಕಾಂಜಿ ಗಾರೆ ಕೆಲಸದವರಾಗಿದ್ದರು. ಬ್ರೆಜಿಲ್‌ನಿಂದ ಗುಲಾಮಗಿರಿ ಕಳೆದುಕೊಂಡು ಮರಳಿದವರು ಇಲ್ಲಿಗೆ ತಂದ ಮನೆ ಶೈಲಿಯಲ್ಲಿ ಸಿಮೆಂಟಿನ ಸಿಂಹ, ಹೂಬಳ್ಳಿ ಇರುತ್ತಿದ್ದವು. ಗಾರೆಯವರಿಗೆ ಅದೆಲ್ಲ ನೀರು ಕುಡಿದಷ್ಟು ಸಲೀಸು. ಅದೇ ಕೈಗುಣ ಕಾಡಿನ ಬೇಲಿಗೋಡೆಗೆ ಬಂತು. ಸಿಮೆಂಟಿನಲ್ಲಿ ಜಾಲರಿಯ ಹಾಗೆ ಮನುಷ್ಯರು, ಪ್ರಾಣಿಗಳು, ಒಬ್ಬರ ಕೈಗೆ ಇನ್ನೊಬ್ಬರು ತಗುಲಿಕೊಂಡು. ಸಂದಿನಿಂದ ಆಚೆಯ ಹಸಿರು ಕಾಣುತ್ತದೆ. ಮರದ ಕಂಬ ಕೆತ್ತಿದವರು ಕಾಸಾಲಿ ಅಕಂಗ್ಬೆ, ಕಲ್ಲು ಕೆತ್ತಿದವರು ಬುರೈಮೊ ಗ್ಬಾದಾಮೊಸಿ. ಬುರೈಮೊ ಅಂದರೆ ಇಬ್ರಾಹಿಂ. ಹೆಸರು ನೋಡಿದರೇ ಗೊತ್ತಾಗುತ್ತದೆ, ಇಲ್ಲಿ ಇಸ್ಲಾಂ ಎಷ್ಟು ಆಳಕ್ಕೆ ಇಳಿದಿದೆ ಅಂತ. ಊರಲ್ಲಿ ಈಗ ಮುಸ್ಲಿಮರು, ಕ್ರೈಸ್ತರೇ ಜಾಸ್ತಿ. ಆದರೂ ಆಗಸ್ಟ್‌ನಲ್ಲಿ ಓಶುನ್ ದೇವಿಯ ಹಬ್ಬ ಬಂತೆಂದರೆ ಊರಿಗೆ ಊರೇ ನದಿ ಕಡೆ ನಡೆಯುತ್ತದೆ.

1960ರ ದಶಕದಲ್ಲಿ ಈ ಊರಲ್ಲಿ ಇನ್ನೊಂದು ಗದ್ದಲವೂ ನಡೆಯಿತು. ನಾಟಕದವರಾದ ದೂರೊ ಲಾದಿಪೊ 1962ರಲ್ಲಿ ಕಲಾವಿದರು ಸೇರುವ ಒಂದು ಅಡ್ಡಾ ತೆರೆದರು. ಅಲ್ಲಿ ಚಿತ್ರಕಲಾವಿದೆ ಜಾರ್ಜಿನಾ ಬೈಯರ್ ನಡೆಸಿದ ಶಿಬಿರಕ್ಕೆ ಬಂದವರು ಕಲಾಶಾಲೆಯ ಮುಖ ನೋಡಿದವರಲ್ಲ. ಟ್ವಿನ್ಸ್ ಸೆವೆನ್-ಸೆವೆನ್ ಊರೂರು ಸುತ್ತಿ ಔಷಧಿ ಮಾರುವವರ ಜೊತೆ ಕುಣಿಯುತ್ತಿದ್ದ ಹುಡುಗ. ಜಿಮೊ ಬುರೈಮೊ ನಾಟಕ ಕಂಪನಿಗೆ ಲೈಟು ಹಾಕುತ್ತಿದ್ದವರು. ಆಮೇಲೆ ಮಣಿ ಪೋಣಿಸಿ ಚಿತ್ರ ಮಾಡಿ ಹೆಸರಾದರು. ಇವರ ಚಿತ್ರಗಳು ಯುರೋಪ್, ಅಮೆರಿಕಾ ಸುತ್ತಿದವು. ನನಗೆ ಎಲ್ಲ ಚಿತ್ರಗಳೂ ಹಿಡಿಸಲಿಲ್ಲ, ಕೆಲವು ಪ್ರವಾಸಿಗರಿಗಾಗಿಯೇ ಮಾಡಿದ ಹಾಗಿವೆ. ಆದರೆ ಬುರೈಮೊ ಅವರ ಮಣಿ ಚಿತ್ರದ ಎದುರು ತುಂಬಾ ಹೊತ್ತು ನಿಂತಿದ್ದೆ.

ಈಗ ಬೇಜಾರಿನ ವಿಷಯ. ಕಾಡಿನೊಳಗೆ ಇಳಿದು ನದಿ ದಡಕ್ಕೆ ಹೋದರೆ ನೀರು ಕೆಂಪುಮಿಶ್ರಿತ ಕಂದು, ಕೆಸರು ಕಲಕಿದ ಹಾಗೆ. ಮಳೆಗಾಲದ ಕೆಂಪು ಅಲ್ಲ ಅದು. ಮೇಲುಗಡೆ ಇಲೆಶಾ ಸುತ್ತಮುತ್ತ ಚಿನ್ನಕ್ಕಾಗಿ ನೆಲ ಬಗೆಯುತ್ತಿದ್ದಾರೆ, ಹೆಚ್ಚಿನದು ಲೈಸೆನ್ಸ್ ಇಲ್ಲದ ಕೆಲಸ. ಅದರ ಕೊಳೆ ಎಲ್ಲ ಇಲ್ಲಿಗೆ. ಭಕ್ತರಿಗೆ ಈ ನೀರು ತೀರ್ಥ. ಮಕ್ಕಳಾಗಲಿ ಅಂತ ಕುಡಿಯುತ್ತಾರೆ, ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಕುಡಿಯಬೇಡಿ ಅಂತ ರಾಜ್ಯ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ. ಕುಡಿಯುವವರು ಕುಡಿಯುತ್ತಲೇ ಇದ್ದಾರೆ. ನನ್ನ ಜೊತೆ ಬಂದಿದ್ದ ಗೈಡ್‌ನನ್ನು ಕೇಳಿದೆ. "ಅವತ್ತು ಒಂದು ಮರ ಬಿದ್ದದ್ದಕ್ಕೆ ಅಮ್ಮ ಬೈದಳು. ಈಗ ಬೈಯುತ್ತಿಲ್ಲ ಅಂದುಕೊಂಡಿದ್ದೀರಾ? ಕೇಳಿಸಿಕೊಳ್ಳಬೇಕಾದವರಿಗೆ ಕಿವಿ ಇಲ್ಲ" ಅಂದ. ನಾನು ಸುಮ್ಮನಾದೆ. ಚಿನ್ನ ಕೊಳ್ಳುವವರಲ್ಲಿ ನಮ್ಮ ದೇಶದವರೇನು ಕಮ್ಮಿಯಾ?

ಊಟ ಏನು ಮಾಡಿದೆ ಅಂತ ನಿನ್ನ ಹೆಂಡತಿ ಕೇಳಿಯೇ ಕೇಳುತ್ತಾರೆ. ಅಮಲಾ ತಿಂದೆ ಅಂತ ಹೇಳು. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಲ್ಲಿ ತಿರುವಿ ಮಾಡುತ್ತಾರೆ. ಬಣ್ಣ, ರೂಪ ಎಲ್ಲ ನಮ್ಮ ರಾಗಿ ಮುದ್ದೆಯ ಹಾಗೇ, ಸ್ವಲ್ಪ ಮೆತ್ತಗೆ. ಜೊತೆಗೆ ಕಾಳಿನ ಸಾರು ಮತ್ತು ಲೋಳೆ ಲೋಳೆಯಾದ ಸೆಣಬಿನ ಸೊಪ್ಪಿನ ಸಾರು. ಅಗಿಯದೆ ನುಂಗಿದ್ದು ನೋಡಿ ಹೋಟೆಲಿನಾಕೆಗೆ ಆಶ್ಚರ್ಯ. ಮಾಂಸ ಬೇಡ ಅಂದದ್ದಕ್ಕೆ ಮಾತ್ರ ಆಕೆಗೆ ನಿಜವಾಗಿ ಮರುಕ ಬಂತು. ದುಡ್ಡಿಲ್ಲ ಅಂದುಕೊಂಡಳೋ ಏನೋ, ಇನ್ನೊಂದು ಉಂಡೆ ಪುಕ್ಕಟೆ ಹಾಕಿದಳು.

ಆಗಸ್ಟ್‌ನಲ್ಲಿ ರಜೆ ಸಿಗುತ್ತದಾ ನೋಡು. ಹಬ್ಬ ಸುಮಾರು ಎರಡು ವಾರ ನಡೆಯುತ್ತದೆ, ಹದಿನಾರು ಬತ್ತಿಯ ದೀಪ ಹಚ್ಚುತ್ತಾರೆ, ಕೊನೆಗೆ ಆರುಗ್ಬಾ ಅನ್ನುವ ಹುಡುಗಿ ಕಾಣಿಕೆಯ ಸೋರೆ ಬುರುಡೆಯನ್ನು ತಲೆ ಮೇಲೆ ಹೊತ್ತು ಅರಮನೆಯಿಂದ ನದಿಗೆ ನಡೆಯುತ್ತಾಳೆ. ಬ್ರೆಜಿಲ್, ಕ್ಯೂಬಾದಿಂದಲೂ ಜನ ಬರುತ್ತಾರೆ. ಗುಲಾಮರಾಗಿ ಹಡಗು ಹತ್ತಿದವರು ಈ ದೇವಿಯನ್ನೂ ಅಲ್ಲಿಗೆ ಕೊಂಡೊಯ್ದಿದ್ದರಲ್ಲ. ಆ ಸಮಯದಲ್ಲಿ ರೂಮು ಸಿಗುವುದು ಕಷ್ಟ, ಬೇಗ ಹೇಳಿದರೆ ಹಿಡಿದಿಡುತ್ತೇನೆ. ಹಳದಿ ಜ್ವರದ ಲಸಿಕೆ ಮಾತ್ರ ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೋ, ಹಳದಿ ಕಾರ್ಡು ಜೋಪಾನ. ಅದಿಲ್ಲದೆ ವಾಪಸ್ ಹೋದರೆ ಬೆಂಗಳೂರು ಏರ್‌ಪೋರ್ಟಿನಿಂದ ಮನೆಗೆ ಬಿಡದೆ ಕೂರಿಸುತ್ತಾರೆ. ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ ಒಗೆಯಲು ಅತ್ತಿಗೆಗೆ ಹೇಳು, ಬಣ್ಣ ಬಿಡುತ್ತದೆ.

ಇಂತಿ ನಿನ್ನವನೇ ಆದ
ಲಾಗೋಸ್ ಗೆಳೆಯ