ಭಾಷಣ ಸ್ಪರ್ಧೆಯ ತೀರ್ಪಿನ ಖರ್ಚಿಗೆ ದೇಣಿಗೆ ಮನವಿ

ಮಾನ್ಯರೇ,

ನಮ್ಮ ಟ್ರಸ್ಟ್ ನಡೆಸುವ ಮಕ್ಕಳ ಭಾಷಣ ಸ್ಪರ್ಧೆಯಲ್ಲಿ ಈ ಸಲ 48 ಸ್ಪರ್ಧಿಗಳಿಗೆ ಅವಕಾಶವಿದೆ. ಎಲ್ಲರೂ 13ರಿಂದ 16 ವರ್ಷದೊಳಗಿನವರು. ಈ ಸ್ಪರ್ಧೆಗೆ ತಮ್ಮ ನೆರವು ಕೋರಿ ಬರೆಯುತ್ತಿದ್ದೇವೆ.

ಭಾಷಣ ಸ್ಪರ್ಧೆ ಎಂದ ಕೂಡಲೇ ದಾನಿಗಳ ಮನಸ್ಸಿಗೆ ಬರುವುದು ಪಾರಿತೋಷಕ. ಪ್ರಥಮ ಬಹುಮಾನ ತಮ್ಮ ಹಿರಿಯರ ಹೆಸರಿನಲ್ಲಿರಲಿ ಎಂದು ಕೇಳುವವರು ಅನೇಕರು. ಆ ಪ್ರೀತಿಗೆ ನಾವು ಋಣಿ. ಆದರೆ ಬಹುಮಾನ ಹೋಗುವುದು ಮೂವರ ಮನೆಗೆ. ಉಳಿದ 45 ಮಕ್ಕಳು ವೇದಿಕೆ ಇಳಿದು ಹೋಗುವಾಗ ಅವರ ಕೈಯಲ್ಲಿ ಏನಿರುತ್ತದೆ? ತಾನು ಎಲ್ಲಿ ಚೆನ್ನಾಗಿ ಮಾತಾಡಿದೆ, ಎಲ್ಲಿ ಕೇಳುಗರು ಕೈತಪ್ಪಿದರು ಎಂದು ಬರೆದ ಒಂದು ಹಾಳೆಯಾದರೂ ಇರಬೇಕು. ತೀರ್ಪು ನ್ಯಾಯವಾಗಿತ್ತು ಎಂಬ ಭರವಸೆಯೂ ಇರಬೇಕು. ಇವೆರಡಕ್ಕೂ ಹಣ ಬೇಕು, ಇವಕ್ಕೇ ಹಣ ಕೊಡುವವರು ಕಡಿಮೆ. ಅದಕ್ಕಾಗಿಯೇ ಈ ಮನವಿಯಲ್ಲಿ ಬಹುಮಾನಕ್ಕೆ ಏನನ್ನೂ ಕೇಳುತ್ತಿಲ್ಲ. ನಮಗೆ ಬೇಕಿರುವುದು ತೀರ್ಪಿನ ಖರ್ಚು.

ಈ ಖರ್ಚು ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕಾದ್ದು ನಮ್ಮ ಕರ್ತವ್ಯ.

ಮೊದಲು ಸಮಯದ ಲೆಕ್ಕ. ಒಬ್ಬ ಸ್ಪರ್ಧಿಗೆ 4ರಿಂದ 5 ನಿಮಿಷ, ಆಚೀಚೆ 30 ಸೆಕೆಂಡಿನ ರಿಯಾಯಿತಿ. ಮೂರೂವರೆ ನಿಮಿಷಕ್ಕಿಂತ ಮೊದಲೇ ಮುಗಿಸಿದರೂ ಐದೂವರೆ ನಿಮಿಷ ದಾಟಿದರೂ ಸ್ಪರ್ಧೆಯಿಂದ ಹೊರಗೆ. ಭಾಷಣ ಮುಗಿದ ಮೇಲೆ ಅದರಲ್ಲಿ ಹೇಳಿದ್ದರ ಬಗ್ಗೆಯೇ ಒಂದು ಪ್ರಶ್ನೆ, ಉತ್ತರಕ್ಕೆ ಒಂದು ನಿಮಿಷ. ಆಮೇಲೆ ತೀರ್ಪುಗಾರರು ಅಂಕ ಬರೆಯಲು ಒಂದು ನಿಮಿಷದ ಪೂರ್ಣ ಮೌನ. ಮುಂದಿನವರು ವೇದಿಕೆ ಹತ್ತಿ ಮೈಕ್ ಸರಿಪಡಿಸಿಕೊಳ್ಳಲು ಅರ್ಧ ನಿಮಿಷ. ಅಲ್ಲಿಗೆ ತಲೆಗೆ 8 ನಿಮಿಷ. 48 ಜನರನ್ನು ಒಂದೇ ವೇದಿಕೆಯಲ್ಲಿ ಕೇಳಿದರೆ 384 ನಿಮಿಷ, ಅಂದರೆ ಆರು ಗಂಟೆ 24 ನಿಮಿಷ. ಅಷ್ಟು ಹೊತ್ತು ಒಂದೇ ಎಚ್ಚರದಲ್ಲಿ ಕೇಳುವ ತೀರ್ಪುಗಾರರು ಎಲ್ಲೂ ಇಲ್ಲ. ಮೂವತ್ತನೆಯ ಭಾಷಣದ ಹೊತ್ತಿಗೆ ಅಂಕಗಳು ಮಧ್ಯದ ಒಂದೆರಡು ಸಂಖ್ಯೆಗಳಿಗೆ ಅಂಟಿಕೊಳ್ಳುತ್ತವೆ.

ಆದ್ದರಿಂದ ನಾಲ್ಕು ಕೊಠಡಿಗಳು, ಕೊಠಡಿಗೆ 12 ಸ್ಪರ್ಧಿಗಳು, 96 ನಿಮಿಷ. ಪ್ರತಿ ಕೊಠಡಿಯಿಂದ ಇಬ್ಬರು ಅಂತಿಮ ಸುತ್ತಿಗೆ. ಒಂದು ಕೊಠಡಿಯ ಅಂಕವನ್ನು ಇನ್ನೊಂದರ ಅಂಕದ ಜೊತೆ ಹೋಲಿಸಿ "ಒಟ್ಟಾರೆ ಮೊದಲ ಎಂಟು" ಎಂದು ಆರಿಸುವುದಿಲ್ಲ. ಒಂದು ಕೊಠಡಿಯಲ್ಲಿ ಧಾರಾಳಿಗಳು ಕೂತಿರುತ್ತಾರೆ, ಇನ್ನೊಂದರಲ್ಲಿ ಬಿಗಿ ಕೈಯವರು. ಅಂಕ ಹೋಲಿಸಿದರೆ ಧಾರಾಳಿಗಳ ಕೊಠಡಿಯ ಮಕ್ಕಳೇ ಅಂತಿಮ ಸುತ್ತನ್ನು ತುಂಬಿಬಿಡುತ್ತಾರೆ. ನಾಲ್ಕು ಕೊಠಡಿ ಎಂದರೆ ತೀರ್ಪುಗಾರರು ಕೊಠಡಿಗೆ ಮೂವರಂತೆ 12, ಸಮಬಲ ಬಂದಾಗ ಮಾತ್ರ ತೆರೆದು ನೋಡುವ ಪಟ್ಟಿ ಬರೆದಿಡುವವರು ಕೊಠಡಿಗೆ ಒಬ್ಬರಂತೆ 4, ಸಮಯಪಾಲಕರು ಇಬ್ಬಿಬ್ಬರಂತೆ 8, ಬಾಗಿಲು ಕಾಯುವವರು 4, ನಿರೂಪಕರು 4, ಅಂಕ ಕೂಡುವವರು 3.

ಬಾಗಿಲು ಕಾಯುವವರು ಯಾಕೆ ಎಂದು ಕೆಲವರು ಕೇಳುತ್ತಾರೆ. ಭಾಷಣದ ನಡುವೆ ಬಾಗಿಲು ಕಿರುಗುಟ್ಟಿದರೆ ಕೇಳುಗರ ತಲೆಗಳೆಲ್ಲ ಅತ್ತ ತಿರುಗುತ್ತವೆ, ಮಗುವಿನ ಮುಂದಿನ ಸಾಲು ಮರೆತುಹೋಗುತ್ತದೆ. ಒಬ್ಬ ಸ್ವಯಂಸೇವಕ ಬಾಗಿಲ ಬಳಿ ನಿಂತರೆ ಈ ತೊಂದರೆಯೇ ಇಲ್ಲ.

ಸಮಯಪಾಲಕರ ಜಾಗ ಸಭಾಂಗಣದ ನಡುಸಾಲಿನ ಕೊನೆ, ಭಾಷಣಕಾರರ ನೇರ ಕಣ್ಣಳತೆಯಲ್ಲಿ. ಪಕ್ಕದಲ್ಲಿ ಕೂರಿಸಿದರೆ ಸಮಯ ನೋಡಲು ಮಗು ಪದೇ ಪದೇ ಕತ್ತು ತಿರುಗಿಸಬೇಕಾಗುತ್ತದೆ. ಅವರು ನಾಲ್ಕು ನಿಮಿಷಕ್ಕೆ ಹಸಿರು, ನಾಲ್ಕೂವರೆಗೆ ಹಳದಿ, ಐದಕ್ಕೆ ಕೆಂಪು ಹಲಗೆ ಎತ್ತಿ ತೋರಿಸುತ್ತಾರೆ. ಗಂಟೆ ಬಾರಿಸುವುದಿಲ್ಲ, ಅದು ವಾಕ್ಯವನ್ನು ನಡುವಿಗೇ ಕತ್ತರಿಸುತ್ತದೆ. ಗಡಿಯಾರ ಓಡಿಸುವುದು ಸ್ಪರ್ಧಿಯ ಮೊದಲ ಮಾತಿಗೆ. ನಿರೂಪಕರು ಸಂಖ್ಯೆ ಕರೆದ ಕ್ಷಣಕ್ಕೆ ಅಲ್ಲ. ಇಬ್ಬರೂ ಬೇರೆ ಬೇರೆ ಗಡಿಯಾರದಲ್ಲಿ ಅಳೆದು ಚೀಟಿಯಲ್ಲಿ ಬರೆದು ಮುಖ್ಯ ತೀರ್ಪುಗಾರರಿಗೆ ಮಾತ್ರ ಕೊಡುತ್ತಾರೆ. ಸಮಯ ಮೀರಿದ ವಿಷಯ ಉಳಿದ ತೀರ್ಪುಗಾರರಿಗೆ ತಿಳಿಯಬಾರದು. ತಿಳಿದರೆ ಅವರೂ ನಾಲ್ಕಂಕ ಕಡಿತ ಮಾಡುತ್ತಾರೆ, ಒಂದೇ ತಪ್ಪಿಗೆ ಎರಡು ಶಿಕ್ಷೆಯಾಗುತ್ತದೆ.

ಅಂಕ ಕೂಡಿದರೆ ಸಾಲದು

ಸ್ಪರ್ಧೆಗಳ ತೀರ್ಪು ಹೆಚ್ಚಾಗಿ ಕೆಡುವುದು ಕೂಡುವ ಕ್ರಮದಲ್ಲಿ. ಒಂದು ಉದಾಹರಣೆ ನೋಡಿ. ಅಂತಿಮ ಸುತ್ತಿನಲ್ಲಿ ಐವರು ತೀರ್ಪುಗಾರರು. ಅವರಲ್ಲಿ ನಾಲ್ವರು 7ನೇ ಸ್ಪರ್ಧಿಗೆ 78, 12ನೇ ಸ್ಪರ್ಧಿಗೆ 76 ಕೊಟ್ಟರು. ಐದನೆಯವರು 7ನೇ ಸ್ಪರ್ಧಿಗೆ 60, 12ನೇ ಸ್ಪರ್ಧಿಗೆ 85 ಕೊಟ್ಟರು. ಕೂಡಿದರೆ 7ನೇ ಸ್ಪರ್ಧಿಗೆ 372, 12ನೇ ಸ್ಪರ್ಧಿಗೆ 389. ಐವರಲ್ಲಿ ನಾಲ್ವರು ಮೆಚ್ಚಿದ ಮಗು ಸೋತಿತು. ಐದನೆಯವರು ಮೋಸ ಮಾಡಿದರೆಂದಲ್ಲ. ಅವರು ಅಂಕಗಳನ್ನು ಅಗಲಕ್ಕೆ ಹರಡಿ ಕೊಡುವ ರೂಢಿಯವರು, ಉಳಿದವರು ಒತ್ತಾಗಿ ಕೊಡುವವರು. ಬರೀ ಮೊತ್ತ ನೋಡಿದರೆ ಅಗಲಕ್ಕೆ ಹರಡುವವರ ಒಂದು ಮತಕ್ಕೆ ನಾಲ್ಕು ಮತದ ತೂಕ ಬರುತ್ತದೆ.

ಇದಕ್ಕೆ ಮದ್ದು ಸ್ಥಾನಪಟ್ಟಿ. ಪ್ರತಿಯೊಬ್ಬ ತೀರ್ಪುಗಾರರೂ ಅಂಕಗಳನ್ನು ತಮ್ಮ ಲೆಕ್ಕಕ್ಕಾಗಿ ಬರೆದುಕೊಂಡು, ಕೊನೆಗೆ ಮೊದಲ ಮೂರು ಸ್ಥಾನಗಳನ್ನು ಮಾತ್ರ ಚೀಟಿಯಲ್ಲಿ ಕೊಡುತ್ತಾರೆ. ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಮೇಲಿನ ಉದಾಹರಣೆಯಲ್ಲಿ ಆ ನಾಲ್ವರು ಈ ಇಬ್ಬರನ್ನೇ ಮೊದಲೆರಡು ಸ್ಥಾನಕ್ಕೆ ಬರೆದರು, ಐದನೆಯವರು 12ನೇ ಸ್ಪರ್ಧಿಯನ್ನು ಮೊದಲಿಗೆ ಇಟ್ಟು 7ನೇ ಸ್ಪರ್ಧಿಯನ್ನು ಪಟ್ಟಿಯಿಂದಲೇ ಬಿಟ್ಟರು ಎಂದುಕೊಳ್ಳಿ. ಆಗಲೂ 7ನೇ ಸ್ಪರ್ಧಿಗೆ 12, 12ನೇ ಸ್ಪರ್ಧಿಗೆ 11. ಭಾಷಣ ಕಲೆ ಕಲಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಟೋಸ್ಟ್‌ಮಾಸ್ಟರ್ಸ್‌ನ ಸ್ಪರ್ಧೆಗಳಲ್ಲೂ ತೀರ್ಪುಗಾರರು ಹೀಗೆ ಮೂರು ಸ್ಥಾನ ಬರೆದುಕೊಡುವ ಪದ್ಧತಿಯಿದೆ. ಸಮಬಲ ಮುರಿಯುವ ತೀರ್ಪುಗಾರರು ಯಾರೆಂಬುದನ್ನು ಅಲ್ಲಿ ಗುಟ್ಟಾಗಿಡುತ್ತಾರೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕವನ್ನು ತೆಗೆದುಹಾಕಿ ಉಳಿದದ್ದನ್ನು ಕೂಡುವುದು ಇನ್ನೊಂದು ದಾರಿ. ಅದಕ್ಕೆ ಕನಿಷ್ಠ ಐವರು ಬೇಕು. ಮೂವರಿದ್ದಾಗ ಹೀಗೆ ಮಾಡಿದರೆ ಒಬ್ಬರ ಅಂಕವೇ ತೀರ್ಪಾಗಿಬಿಡುತ್ತದೆ.

ಮಾತಾಡುವ ಸರದಿಯೂ ತೀರ್ಪನ್ನು ವಾಲಿಸುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರೂ, ಮೊದಲು ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವುದು ಕಡಿಮೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿದ್ದವರು ನುರಿತ ತೀರ್ಪುಗಾರರು, ಆದರೂ ಹೀಗಾಯಿತು. ಮೊದಲ ಸ್ಪರ್ಧಿ ಬಂದಾಗ "ಇನ್ನೂ ಚೆನ್ನಾಗಿ ಮಾತಾಡುವವರು ಮುಂದೆ ಬರಬಹುದು" ಎಂದು ಅಂಕ ಉಳಿಸಿಕೊಳ್ಳುವುದು ಮನುಷ್ಯಸಹಜ. ಹೀಗಾಗಿ ಪ್ರತಿ ಕೊಠಡಿಯಲ್ಲೂ ಸ್ಪರ್ಧೆಗಿಲ್ಲದ ಒಬ್ಬರು ಮೊದಲು ಮಾತಾಡುತ್ತಾರೆ. ತೀರ್ಪುಗಾರರು ಆ ಭಾಷಣಕ್ಕೂ ಅಂಕ ಬರೆದು ತಮ್ಮ ಅಳತೆ ಸರಿಮಾಡಿಕೊಂಡು, ಆ ಹಾಳೆಯನ್ನು ಪಕ್ಕಕ್ಕಿಡುತ್ತಾರೆ. ಹೆಚ್ಚಿಗೆ ಬೇಕಾದ್ದು ಎಂಟು ನಿಮಿಷ.

ಇನ್ನೊಂದು ದೋಷವನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳನ್ನು ಬೇರೆ ಬೇರೆಯಾಗಿ ಅಳೆಯಬೇಕಿದ್ದರೂ, ಒಂದರಲ್ಲಿ ಮೆಚ್ಚಿದವನನ್ನು ಎಲ್ಲದರಲ್ಲೂ ಮೆಚ್ಚಿಬಿಟ್ಟಿದ್ದರು. ಭಾಷಣ ಸ್ಪರ್ಧೆಯಲ್ಲಿ ಈ ಮೋಡಿ ಗಟ್ಟಿ ಕಂಠಕ್ಕೆ ಸಿಗುತ್ತದೆ. ದನಿ ದೊಡ್ಡದಿದ್ದರೆ ವಿಷಯವೂ ಗಟ್ಟಿ ಅನ್ನಿಸುತ್ತದೆ. ಗ್ರಾಂಥಿಕ ಪದಗಳನ್ನು ಉದುರಿಸಿದವರಿಗೆ ಹೆಚ್ಚು, ಆಡುಮಾತಿನಲ್ಲಿ ಸ್ಪಷ್ಟವಾಗಿ ಹೇಳಿದವರಿಗೆ ಕಡಿಮೆ ಬೀಳುವುದೂ ಇದೇ ದೋಷದ ಇನ್ನೊಂದು ಮುಖ. ನಮ್ಮ ಅಂಕಪಟ್ಟಿಯಲ್ಲಿ ವಿಷಯಕ್ಕೆ ಮತ್ತು ಅದನ್ನು ಜೋಡಿಸಿದ ಬಗೆಗೆ 50, ದನಿ ಮತ್ತು ಹಾವಭಾವಕ್ಕೆ 30, ಭಾಷೆಗೆ 20. ಪ್ರತಿ ಭಾಗದಲ್ಲೂ ಯಾವ ಅಂಕಕ್ಕೆ ಏನರ್ಥ ಎಂದು ಒಂದು ಸಾಲು ಬರೆದಿರುತ್ತದೆ. "ಉತ್ತಮ", "ಸಾಧಾರಣ" ಎಂಬ ಪದಗಳಷ್ಟೇ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ.

ಬರೀ ಕಾಗದದಿಂದ ಇದು ಸರಿಹೋಗುವುದಿಲ್ಲ, ತೀರ್ಪುಗಾರರಿಗೆ ತರಬೇತಿ ಬೇಕು. ಮೂರು ಗಂಟೆಯ ಒಂದು ಕೂಟ. ಸಮಬಲದ ಪಟ್ಟಿ ಬರೆಯುವ ನಾಲ್ವರೂ ಸೇರಿ 16 ಮಂದಿಯೂ ನಾಲ್ಕು ಧ್ವನಿಮುದ್ರಿತ ಭಾಷಣಗಳನ್ನು ಕೇಳಿ, ಮಾತಾಡಿಕೊಳ್ಳದೆ ಅಂಕ ಹಾಕಿ, ಆಮೇಲೆ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡುತ್ತಾರೆ. ಎಲ್ಲರ ಅಂಕ ಒಂದೇ ಆಗಬೇಕಿಲ್ಲ. ಯಾರು ಮೇಲೆ, ಯಾರು ಕೆಳಗೆ ಎಂಬ ಕ್ರಮ ಹತ್ತಿರ ಬಂದರೆ ಸಾಕು. ಎಲ್ಲಿ ತೀರಾ ದೂರವಾಯಿತೋ ಅಲ್ಲಿ ಚರ್ಚೆ. ಇಡೀ ಸ್ಪರ್ಧೆಯಲ್ಲಿ ಇದಕ್ಕಿಂತ ಫಲ ಕೊಡುವ ಖರ್ಚು ಇನ್ನೊಂದಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ದೂರದಿಂದ ಎರಡು ಸಲ ಬಂದುಹೋಗುವ ತೀರ್ಪುಗಾರರಿಗೆ ಪ್ರಯಾಣದ ವೆಚ್ಚ ಮತ್ತು ಗೌರವಧನ ಕೊಡದೆ ಇದನ್ನು ನಿರೀಕ್ಷಿಸುವುದು ತಪ್ಪು.

ಭಾಷಣದ ಕೊನೆಗೆ ಪ್ರಶ್ನೆ ಕೇಳುವುದಕ್ಕೂ ಕಾರಣವಿದೆ. ದೊಡ್ಡವರು ಬರೆದುಕೊಟ್ಟದ್ದನ್ನು ಉರು ಹೊಡೆದು ಒಪ್ಪಿಸುವುದು ಮಕ್ಕಳ ಸ್ಪರ್ಧೆಯ ಹಳೆಯ ರೋಗ. ಪದಗಳು ಎಷ್ಟೇ ಚೆಂದವಿರಲಿ, "ನೀನು ಎರಡನೆಯದಾಗಿ ಹೇಳಿದ ಉದಾಹರಣೆಗೆ ವಿರುದ್ಧವಾದ ಉದಾಹರಣೆ ಇದೆಯೇ?" ಎಂದು ಕೇಳಿದ ಕೂಡಲೇ ಆ ಮಾತು ಮಗುವಿನದೋ ಅಲ್ಲವೋ ಗೊತ್ತಾಗುತ್ತದೆ. ವಿಷಯದ ಆಯ್ಕೆಯೂ ಇದಕ್ಕೆ ಸಹಾಯ ಮಾಡಬೇಕು. "ಪರಿಸರ ಸಂರಕ್ಷಣೆಯ ಮಹತ್ವ" ಎಂದು ಕೊಟ್ಟರೆ 48 ಪ್ರಬಂಧಗಳು ಒಂದೇ ಅಚ್ಚಿನಲ್ಲಿ ಬರುತ್ತವೆ. "ಗ್ರಂಥಾಲಯದಲ್ಲಿ ಮೌನ ಕಡ್ಡಾಯವಾಗಬೇಕೆ?" ಎಂದರೆ ಮಗು ಒಂದು ಪಕ್ಷ ಹಿಡಿಯಲೇಬೇಕು, ತಾನು ಕಂಡದ್ದನ್ನು ಹೇಳಲೇಬೇಕು.

ಧ್ವನಿ ಮತ್ತು ವೇದಿಕೆ

ಮೈಕ್ ವಿಷಯದಲ್ಲಿ ಉಳಿತಾಯ ಮಾಡಲು ಹೋಗಿ ಸ್ಪರ್ಧೆ ಹಾಳಾಗುವುದುಂಟು. ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್ ಬೇಕು, ಪ್ರತಿ ಸ್ಪರ್ಧಿಗೂ ಅದನ್ನು ಸರಿಪಡಿಸಲು ಒಬ್ಬ ಸ್ವಯಂಸೇವಕ ಬೇಕು. ಎತ್ತರದ ಹುಡುಗನ ನಂತರ ಬರುವ ಪುಟ್ಟ ಹುಡುಗಿ ಹಿಮ್ಮಡಿ ಎತ್ತಿ ನಿಂತು ಮಾತಾಡುವಂತಾಗಬಾರದು. ಬಾಯಿಗೂ ಮೈಕಿಗೂ ಒಂದು ಗೇಣಿನಷ್ಟು ಅಂತರ ಸಾಕು. ಧ್ವನಿವರ್ಧಕ ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಕೇಳುಗರ ಕಡೆಗೆ ಮುಖ ಮಾಡಿರಬೇಕು. ಮೈಕಿನ ಹಿಂದೆ ಇಟ್ಟರೆ ಪೆಟ್ಟಿಗೆಯ ಸದ್ದು ಮತ್ತೆ ಮೈಕಿನೊಳಗೆ ಹೋಗಿ ಕಿವಿ ಕೊರೆಯುವ ಕೂಗು ಏಳುತ್ತದೆ. ಹಿಂದಿನ ದಿನದ ಪರೀಕ್ಷೆಯನ್ನು ಮೆಲುದನಿಯ ಮಗುವಿನಿಂದ ಮಾಡಿಸಬೇಕು. ದೊಡ್ಡವರು "ಹಲೋ, ಹಲೋ" ಎಂದು ತಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಕೊಠಡಿಗೂ ಒಂದು ಹೆಚ್ಚುವರಿ ಮೈಕ್ ಮತ್ತು ಹೊಸ ಬ್ಯಾಟರಿ.

ತೊದಲುವ ಮಕ್ಕಳೂ ಕಣ್ಣು ಕಾಣದ ಮಕ್ಕಳೂ ಗಾಲಿಕುರ್ಚಿಯಲ್ಲಿ ಬರುವ ಮಕ್ಕಳೂ ಸ್ಪರ್ಧಿಸಬೇಕು ಎಂಬುದು ನಮ್ಮ ಆಸೆ. ತೊದಲುವವರಿಗೆ ಎಷ್ಟು ಹೆಚ್ಚುವರಿ ಸಮಯ ಎಂಬುದನ್ನು ಮುಂಚೆಯೇ ಬರೆದು ನಿಶ್ಚಯಿಸುತ್ತೇವೆ. ಸ್ಥಳದಲ್ಲಿ ಕರುಣೆಯಿಂದ ಕೊಟ್ಟರೆ ಅದು ಅವರಿಗೂ ಅವಮಾನ, ಇತರರಿಗೂ ಅನುಮಾನ. ಕಣ್ಣು ಕಾಣದವರಿಗೆ ಬಣ್ಣದ ಹಲಗೆಯ ಬದಲು ಭುಜದ ಮೇಲೆ ಮೆಲ್ಲಗೆ ತಟ್ಟುವ ಸಹಾಯಕರು. ವೇದಿಕೆಗೆ ಇಳಿಜಾರು ಹಾದಿ. ಸಂಜ್ಞಾಭಾಷೆಯಲ್ಲಿ ಮಾತಾಡುವವರಿದ್ದರೆ ಅನುವಾದಕರು ಬೇಕು. ಆಗ ಹಾವಭಾವದ ಅಂಕ ಸ್ಪರ್ಧಿಯ ಕೈ ಮತ್ತು ಮುಖಕ್ಕೆ, ಅನುವಾದಕರ ದನಿಗಲ್ಲ.

ತಮ್ಮಿಂದ ಕೋರುವುದು

ತೀರ್ಪುಗಾರರೊಬ್ಬರ ಪ್ರಯಾಣ ಮತ್ತು ಗೌರವಧನ: ಇಂಥ 16 ಪಾಲುಗಳಿವೆ, ಒಬ್ಬ ದಾನಿ ಒಂದು ಪಾಲು ವಹಿಸಿಕೊಂಡರೂ ದೊಡ್ಡ ಸಹಾಯ. ಒಂದು ಕೊಠಡಿಯ ಧ್ವನಿ ವ್ಯವಸ್ಥೆ: ನಾಲ್ಕು ಪಾಲುಗಳು. ತರಬೇತಿ ಕೂಟದ ಖರ್ಚು: ಒಂದೇ ಪಾಲು, ಯಾರಾದರೂ ಪೂರ್ತಿಯಾಗಿ ವಹಿಸಿಕೊಂಡರೆ ಒಳ್ಳೆಯದು. ಮುದ್ರಣಕ್ಕೆ 240 ಅಂಕಪಟ್ಟಿ, 184 ಅಭಿಪ್ರಾಯ ಹಾಳೆ, ಜೊತೆಗೆ ಹಾಳಾಗುವುದಕ್ಕೆಂದು ಹತ್ತರಲ್ಲೊಂದು ಪಾಲು ಹೆಚ್ಚು. ಅಭಿಪ್ರಾಯ ಹಾಳೆಯಲ್ಲಿ ಎರಡೇ ಭಾಗ: ನನ್ನ ನೆನಪಿನಲ್ಲಿ ಉಳಿದದ್ದು, ಮುಂದಿನ ಸಲ ಪ್ರಯತ್ನಿಸಬೇಕಾದ್ದು. "ಆತ್ಮವಿಶ್ವಾಸ ಬೆಳೆಸಿಕೋ" ಎಂಬಂಥ ಮಾತು ಬರೆಯಬಾರದೆಂದು ತರಬೇತಿಯಲ್ಲೇ ಹೇಳಿರುತ್ತೇವೆ. "ಮೊದಲ ವಾಕ್ಯದ ನಂತರ ಒಂದು ಉಸಿರು ನಿಲ್ಲಿಸು" ಎಂದರೆ ಮಗುವಿಗೆ ಅಭ್ಯಾಸ ಮಾಡಲು ಏನಾದರೂ ಸಿಗುತ್ತದೆ.

ಹಣದ ಬದಲು ವಸ್ತು ಕೊಡುವವರೂ ಇರಬಹುದು. ನಿಲುಗಡಿಯಾರ 8, ಮೂರು ಬಣ್ಣದ ಹಲಗೆಗಳ ಸೆಟ್ 4, ಎತ್ತರ ಬದಲಿಸಬಹುದಾದ ಮೈಕ್ ಸ್ಟ್ಯಾಂಡ್ 4 ಬೇಕು. ಸಮಯವನ್ನೇ ಕೊಡಬಲ್ಲವರು ಬಾಗಿಲು ಕಾಯಲು ಅಥವಾ ಅಂಕ ಕೂಡಲು ಬನ್ನಿ. ಕೂಡುವ ಕೆಲಸವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ಮೂರನೆಯವರು ತಾಳೆ ನೋಡುತ್ತಾರೆ. ಲೆಕ್ಕದಲ್ಲಿ ತಾಳ್ಮೆ ಇರುವವರು ಬೇಕು.

ದೇಣಿಗೆಯ ಜೊತೆ ಕೆಲವು ನಿಯಮಗಳಿವೆ, ಮೊದಲೇ ತಿಳಿಸುವುದು ಒಳ್ಳೆಯದು. ದಾನಿಗಳು ಮತ್ತು ಅವರ ಮನೆಯವರು ತೀರ್ಪುಗಾರರಾಗುವಂತಿಲ್ಲ; ಅವರ ಮಕ್ಕಳು ಸ್ಪರ್ಧಿಸಲು ಅಡ್ಡಿಯಿಲ್ಲ. ಸ್ಪರ್ಧಿಗಳನ್ನು ಸಂಖ್ಯೆಯಿಂದ ಮಾತ್ರ ಕರೆಯುತ್ತೇವೆ, ಶಾಲೆಯ ಹೆಸರಾಗಲಿ ಸಮವಸ್ತ್ರವಾಗಲಿ ಇರುವುದಿಲ್ಲ. ತನ್ನ ವಿದ್ಯಾರ್ಥಿಯನ್ನು ಕಂಡ ತೀರ್ಪುಗಾರರು ಆ ಕೊಠಡಿಯಿಂದ ಬದಲಾಗುತ್ತಾರೆ. ವಿಷಯಗಳ ಆಯ್ಕೆಯಲ್ಲಿ ದಾನಿಗಳ ಸೂಚನೆ ಸ್ವೀಕರಿಸುವುದಿಲ್ಲ. ಅತಿಥಿಗಳ ಮಾತು ಅಂಕ ಕೂಡುವ ಹೊತ್ತಿನಲ್ಲಿ, 15 ನಿಮಿಷಕ್ಕೆ ಮೀರದಂತೆ. ಸ್ಪರ್ಧೆ ಶುರುವಾಗುವ ಮೊದಲು ಯಾರ ಭಾಷಣವೂ ಇಲ್ಲ. ಹೆದರಿ ಕಾಯುತ್ತಿರುವ ಮಕ್ಕಳನ್ನು ಅರ್ಧ ಗಂಟೆ ಹೊಗಳಿಕೆ ಕೇಳಿಸಿ ಕೂರಿಸುವುದು ಸರಿಯಲ್ಲ. ದಾನಿಗಳ ಹೆಸರು ಅಭಿಪ್ರಾಯ ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಬೇಡವೆಂದವರದು ಇರುವುದಿಲ್ಲ.

ವಯಸ್ಸು ಅಥವಾ ಕೃತಿಚೌರ್ಯದ ಬಗ್ಗೆ ಆಕ್ಷೇಪಣೆ ಇದ್ದರೆ ಫಲಿತಾಂಶ ಹೇಳುವ ಮೊದಲೇ ಬರೆದು ಕೊಡಬೇಕು. ತೀರ್ಪುಗಾರರ ಅಂಕದ ಬಗ್ಗೆ ಆಕ್ಷೇಪಣೆಗೆ ಅವಕಾಶವಿಲ್ಲ, ಅದು ದಾನಿಗಳಿಗೂ ಅನ್ವಯಿಸುತ್ತದೆ.

ಕೊಟ್ಟ ಪ್ರತಿಯೊಂದಕ್ಕೂ ಅದೇ ದಿನ ರಸೀದಿ ಕೊಡುತ್ತೇವೆ. ಯಾವ ಪಾಲಿಗೆ ಕೊಟ್ಟಿರೋ ಆ ಪಾಲಿಗೇ ಖರ್ಚು. ಒಂದು ಪಾಲು ತುಂಬಿದ ಮೇಲೆ ಬಂದದ್ದನ್ನು ತಮ್ಮನ್ನು ಕೇಳಿಯೇ ಇನ್ನೊಂದಕ್ಕೆ ಬಳಸುತ್ತೇವೆ. ಸ್ಪರ್ಧೆಯ ನಂತರ ಖರ್ಚಿನ ಪಟ್ಟಿಯನ್ನು ಕಚೇರಿಯ ಫಲಕದಲ್ಲಿ ಹಾಕಿ, ಪ್ರತಿ ದಾನಿಗೂ ಒಂದು ಪ್ರತಿ ಕಳುಹಿಸುತ್ತೇವೆ. ಗಡಿಯಾರ, ಹಲಗೆ, ಸ್ಟ್ಯಾಂಡುಗಳನ್ನು ಭಾಷಣ ಸ್ಪರ್ಧೆ ನಡೆಸುವ ಬೇರೆ ಶಾಲೆಗಳಿಗೂ ಬಾಡಿಗೆಯಿಲ್ಲದೆ ಕೊಡುತ್ತೇವೆ. ಅಂಕಪಟ್ಟಿಯ ಮಾದರಿಯನ್ನು ಕೇಳಿದವರಿಗೆಲ್ಲ ಕೊಡುತ್ತೇವೆ. ತೀರ್ಪುಗಾರರನ್ನು ಗೊತ್ತುಮಾಡಲು ಆರು ವಾರ ಬೇಕಾಗುವುದರಿಂದ, ತಮ್ಮ ಒಪ್ಪಿಗೆಯನ್ನು ಅದಕ್ಕೂ ಮೊದಲೇ ತಿಳಿಸಿದರೆ ತರಬೇತಿ ಕೂಟದ ದಿನಾಂಕ ನಿಶ್ಚಯಿಸಬಹುದು.

ಇಂತಿ,
ಭಾಷಣ ಸ್ಪರ್ಧಾ ಸಮಿತಿ