ತಲೆ ಎಣಿಸಿದರೆ ಸಾಲದು, ದಾರಿಯನ್ನೂ ಅಳೆಯಿರಿ

ಮಾನ್ಯರೇ,

2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ ಬಿಹಾರದಲ್ಲಿ 1,106 ಜನ, ಅರುಣಾಚಲ ಪ್ರದೇಶದಲ್ಲಿ ಬರೀ 17. ನಮ್ಮ ರಾಜ್ಯದೊಳಗೂ ಅಂಥದೇ ಅಂತರವಿದೆ: ಬೆಂಗಳೂರು ನಗರ ಜಿಲ್ಲೆಯಲ್ಲಿ 4,381, ನಮ್ಮ ಉತ್ತರ ಕನ್ನಡದಲ್ಲಿ 140.

ಈ 140 ಕೂಡ ಸರಾಸರಿ ಮಾತ್ರ. ಭಟ್ಕಳದ ಕಡೆ ಮನೆಗೆ ಮನೆ ತಾಗಿಕೊಂಡಿದೆ. ಜೊಯಿಡಾದಲ್ಲಿ ಒಂದು ಮಜಿರೆಯಿಂದ ಇನ್ನೊಂದಕ್ಕೆ ಕಾಡು ದಾಟಬೇಕು. ಆ ಗಣತಿಗಾಗಿ ಅಲ್ಲಿ ಮನೆ ಮನೆ ಸುತ್ತಿದ ಶಿಕ್ಷಕಿ ನಾನು. ಹಳ್ಳದಾಚೆಯ ಒಂದೇ ಒಂದು ಮನೆಗೆ ಅಡಿಕೆ ಮರದ ಕಾಲುಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಹೋಗಿದ್ದೆ. ಮಳೆಗಾಲದಲ್ಲಿ ಸಂಕ ಕೊಚ್ಚಿಹೋದಾಗ ಹೆರಿಗೆ ನೋವು ತಿನ್ನುತ್ತಿದ್ದ ಸೊಸೆಯನ್ನು ಕಂಬಳಿಯ ಜೋಲಿಯಲ್ಲಿ ಸುತ್ತುದಾರಿಯಿಂದ ಹೊತ್ತೊಯ್ದದ್ದನ್ನು ಅಲ್ಲಿಯ ಅಜ್ಜಿ ಹೇಳಿದರು. ನನ್ನ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ರಿಯಾಯಿತಿ ಇದೆ, ನಿಜ. ಆದರೆ ನಮ್ಮ ಜಿಲ್ಲೆಯ ಸಾಂದ್ರತೆಯಲ್ಲಿ 20,000 ಜನ ಕೂಡಬೇಕಾದರೆ ಸುಮಾರು 143 ಚದರ ಕಿಲೋಮೀಟರ್ ಬೇಕು! ಬೆಂಗಳೂರು ನಗರ ಜಿಲ್ಲೆಯಲ್ಲಿ ಐದೇ ಸಾಕು.

2027ರ ಗಣತಿಯ ಅಂಕಿಗಳು ಬಂದ ಮೇಲೆ ಶಾಲೆ, ಆಸ್ಪತ್ರೆ, ಬಸ್ಸುಗಳನ್ನು ಹಂಚುವವರು ಜನಸಂಖ್ಯೆಯ ಜೊತೆಗೆ ದೂರವನ್ನೂ ಮಳೆಗಾಲದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಶಿರಸಿ